ಹನ್ನೊಂದು ಗೋಲು ಹೊಡೆದ ಹುಡುಗನನ್ನು ಏನು ಮಾಡೋಣ?

ಪ್ರಶ್ನೆ: ನಾವು ಕಾರವಾರದ ಬೈತಖೋಲದವರು. ನನ್ನ ಗಂಡ ಪರ್ಸೀನ್ ಬೋಟಿನಲ್ಲಿ ಪಾಲಿನ ಮೇಲೆ ದುಡಿಯುತ್ತಾರೆ. ಮಗನಿಗೆ ಹದಿನೈದು ವರ್ಷ, ಈ ಸಲ ಎಸ್ಸೆಸ್ಸೆಲ್ಸಿ. ಕಡಲತೀರದಲ್ಲಿ ನಡೆದ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ನಾಲ್ಕು ಪಂದ್ಯಗಳಿಗೆ ಹನ್ನೊಂದು ಗೋಲು ಹೊಡೆದಿದ್ದಾನೆ. ಅಂದಿನಿಂದ ದೊಡ್ಡ ಕ್ಲಬ್ಬಿನ ಸ್ಟ್ರೈಕರ್ (ಮುಂದೆ ನಿಂತು ಗೋಲು ಹೊಡೆಯುವವ) ಆಗುವುದೇ ಸೈ, ಓದು ಸಾಕು ಎಂದು ಹಟ ಹಿಡಿದಿದ್ದಾನೆ. ಪಂದ್ಯ ನೋಡಲು ಬಂದಿದ್ದ ಒಬ್ಬರು ಮೂರು ಲಕ್ಷ ರೂಪಾಯಿ ಕೊಟ್ಟರೆ ಪೋರ್ಚುಗಲ್‌ನ ಕ್ಲಬ್ ಒಂದರಲ್ಲಿ ಟ್ರಯಲ್ಸ್ ಮಾಡಿಸಿ ಸೇರಿಸುತ್ತೇನೆ ಎನ್ನುತ್ತಿದ್ದಾರೆ. ಗಂಡ ನನ್ನ ಬಂಗಾರ ಅಡವಿಡಲು ತಯಾರಾಗಿದ್ದಾರೆ. ಸ್ಟ್ರೈಕರ್‌ನ ಬದುಕು ನಿಜಕ್ಕೂ ಹೇಗಿರುತ್ತದೆ? ಇವನಲ್ಲಿ ಅದು ಇದೆಯೇ? ವಿಡಿಯೊ ಕಳುಹಿಸಿದ್ದೇನೆ, ನೋಡಿ ಹೇಳಿ. ಹೆಸರು ಬೇಡ.

ಉತ್ತರ: ಬಂಗಾರ ನಿಮ್ಮ ಕೊರಳಲ್ಲೇ ಇರಲಿ. ಮಿಕ್ಕ ಮಾತು ಆಮೇಲೆ.

ಹದಿನೆಂಟು ತುಂಬದ ಆಟಗಾರನನ್ನು ಒಂದು ದೇಶದಿಂದ ಮತ್ತೊಂದು ದೇಶದ ಕ್ಲಬ್ಬಿಗೆ ನೋಂದಾಯಿಸುವುದನ್ನು ಜಾಗತಿಕ ಫುಟ್‌ಬಾಲ್ ಸಂಸ್ಥೆ ಫಿಫಾ ನಿಷೇಧಿಸಿದೆ. ವಿನಾಯಿತಿಗಳು ಬೆರಳೆಣಿಕೆಯವು. ತಂದೆ-ತಾಯಿ ಫುಟ್‌ಬಾಲಿಗೆ ಸಂಬಂಧವೇ ಇಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿರಬೇಕು. ಇಲ್ಲವೇ ಹದಿನಾರು ದಾಟಿದ ಹುಡುಗ ಯುರೋಪ್ ಒಕ್ಕೂಟದ ಒಳಗೊಳಗೇ ದೇಶ ಬದಲಿಸುತ್ತಿರಬೇಕು. ಇಲ್ಲವೇ ಅವನ ಮನೆಯೂ ಕ್ಲಬ್ಬೂ ಗಡಿಯಿಂದ 50 ಕಿಲೋಮೀಟರ್ ಒಳಗಿರಬೇಕು. ಮಾಜಾಳಿ ದಾಟಿದರೆ ಪೋಳೆಂ, ಅದೂ ಒಂದು ಗಡಿಯೇ, ಒಪ್ಪಿದೆ. ಆದರೆ ಆಚೆ ಇರುವುದು ಗೋವಾ. ಅಲ್ಲಿನ ಪೋರ್ಚುಗಲ್ ಲೆಕ್ಕ 1961ರ ಡಿಸೆಂಬರ್‌ನಲ್ಲೇ ಚುಕ್ತಾ ಆಗಿದೆ.

ಬಂದವರು ಪೂರ್ತಿ ಸುಳ್ಳು ಹೇಳುತ್ತಿದ್ದಾರೆ ಎಂದೂ ನಾನು ಹೇಳುವುದಿಲ್ಲ. ಮೂರು ಲಕ್ಷಕ್ಕೆ ವೀಸಾ ಸಿಗಬಹುದು, ವಿಮಾನ ಸಿಗಬಹುದು, ಯಾವುದೋ ಊರಿನ ಬಾಡಿಗೆ ಮೈದಾನದಲ್ಲಿ ಒಂದು ವಾರದ ಆಟ, ಒಂದು ಜೆರ್ಸಿ, ಕ್ಲಬ್ಬಿನ ಗೇಟಿನ ಮುಂದೆ ನಿಂತ ಒಂದು ಫೋಟೊ, ಎಲ್ಲವೂ ಸಿಗಬಹುದು. ಸಿಗದೇ ಇರುವುದು ಅವರು ಹೇಳಿದ ಆ ಒಂದು ಪದ: ‘ಸೇರಿಸುತ್ತೇನೆ’. ಅವರನ್ನು ಒಂದೇ ಮಾತು ಕೇಳಿ: ಫಿಫಾ ಏಜೆಂಟ್ ಪರವಾನಗಿ ಇದೆಯೇ? ಇದ್ದರೆ ಹೆಸರು ಫಿಫಾದ ಬಹಿರಂಗ ಪಟ್ಟಿಯಲ್ಲಿರುತ್ತದೆ. ಪರೀಕ್ಷೆ ಬರೆದು ಪಾಸಾದವರಿಗೆ ಮಾತ್ರ ಅದು ಸಿಗುವುದು. ಪರವಾನಗಿ ಇರುವವರೂ ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಬಾಲಕನ ಹತ್ತಿರ ವ್ಯವಹಾರದ ಮಾತು ಎತ್ತುವಂತಿಲ್ಲ. ಈ ಪ್ರಶ್ನೆ ಕೇಳಿದ ಮೇಲೆ ಅವರ ಫೋನ್ ಬರುವುದು ನಿಂತರೆ ನಿಮ್ಮ ಮೂರು ಲಕ್ಷ ಉಳಿಯಿತು.

ಇನ್ನು ವಿಡಿಯೊ. ಮೂರು ಸಲ ನೋಡಿದೆ. ಹನ್ನೊಂದು ಗೋಲುಗಳಲ್ಲಿ ಏಳನ್ನು ಅವನು ಹೊಡೆದದ್ದು ಒಂದೇ ರೀತಿ: ಹಿಂದಿನಿಂದ ಯಾರೋ ಎತ್ತಿ ಒದ್ದ ಚೆಂಡು, ಇವನ ಓಟ, ಹಿಂದೆ ಬಿದ್ದ ಎರಡು ಹುಡುಗರು, ಗೋಲು. ಆ ಹುಡುಗರನ್ನು ಗಮನಿಸಿದಿರಾ? ಇವನ ಭುಜದಷ್ಟು ಎತ್ತರಕ್ಕೆ ಬರುತ್ತಾರೆ. ಇವನಿಗೆ ಆಗಲೇ ಮೀಸೆ ಮೂಡಿದೆ, ತೊಡೆ ತುಂಬಿದೆ. ಹದಿನೈದರ ಆಟದಲ್ಲಿ ಬೇಗ ಬೆಳೆದ ಹುಡುಗ ಗೋಲು ಹೊಡೆಯುತ್ತಾನೆ. ಅದು ಕೌಶಲಕ್ಕಿಂತ ಹೆಚ್ಚಾಗಿ ಕ್ಯಾಲೆಂಡರಿನ ಕೊಡುಗೆ. ಇನ್ನು ಮೂರು ವರ್ಷದಲ್ಲಿ ಆ ಪುಟ್ಟ ಹುಡುಗರೂ ಇವನಷ್ಟೇ ಎತ್ತರ ಆಗುತ್ತಾರೆ. ಅಲ್ಲಿಯತನಕ ಚೆಂಡಿನ ಹಿಂದೆ ಓಡುವುದನ್ನು ಬಿಟ್ಟು ಬೇರೇನನ್ನೂ ಕಲಿಯದಿದ್ದರೆ ಇವನ ಕೈಯಲ್ಲಿ ಆಟವೇ ಉಳಿದಿರುವುದಿಲ್ಲ. ನನ್ನ ಹತ್ತಿರ ಕಲಿಯಲು ಬಂದವರಲ್ಲಿ ಹದಿನಾಲ್ಕರಲ್ಲಿ ಸಿಂಹದಂತೆ ಆಡಿ ಹದಿನೆಂಟರಲ್ಲಿ ಬೆಂಚಿನ ಮೇಲೆ ಕುಳಿತವರು ಎಷ್ಟೋ ಮಂದಿ.

ಇದರ ತಿರುವುಮುರುವೂ ನಡೆಯುತ್ತದೆ. ಇಂಗ್ಲೆಂಡಿನ ಸ್ಟ್ರೈಕರ್ ಹ್ಯಾರಿ ಕೇನ್‌ನನ್ನು ಆರ್ಸೆನಲ್ ಕ್ಲಬ್ ಎಂಟನೇ ವಯಸ್ಸಿನಲ್ಲೇ ಮನೆಗೆ ಕಳುಹಿಸಿತು. ಅವನು ಮುಂದೆ ಪಕ್ಕದ ಟಾಟನ್‌ಹ್ಯಾಮ್‌ಗೆ 280 ಗೋಲು ಹೊಡೆದ. ಜೇಮಿ ವಾರ್ಡಿಯನ್ನು ಹದಿನಾರರಲ್ಲಿ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ ‘ಗಿಡ್ಡ’ ಎಂದು ಕೈಬಿಟ್ಟಿತು. ಅವನು ಕಾರ್ಖಾನೆಯಲ್ಲಿ ದುಡಿಯುತ್ತ ಕೆಳದರ್ಜೆಯ ಲೀಗುಗಳಲ್ಲಿ ಆಡುತ್ತಿದ್ದ. ಲೆಸ್ಟರ್ ಸಿಟಿ ಅವನನ್ನು ಕೊಂಡಾಗ ವಯಸ್ಸು 25, ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗ್ ಗೆದ್ದಾಗ 29, ಆ ಲೀಗಿನ ಅತಿ ಹೆಚ್ಚು ಗೋಲಿನ ಬಹುಮಾನ ಪಡೆದಾಗ 33. ಕ್ಲಬ್ಬುಗಳಿಗೂ ಹದಿನೈದರ ಹುಡುಗನ ಭವಿಷ್ಯ ಕಾಣುವುದಿಲ್ಲ ಎಂದ ಮೇಲೆ, ನಾಲ್ಕು ಪಂದ್ಯ ನೋಡಿ ಭವಿಷ್ಯ ಕಂಡೆ ಎನ್ನುವವರಿಗೆ ಅವಸರ ಯಾಕೆ? ಸ್ಟ್ರೈಕರ್ ನಿಧಾನಕ್ಕೆ ಹಣ್ಣಾಗುವ ಜಾತಿ. ಅವಸರವೆಲ್ಲ ಪಕ್ಕದಲ್ಲಿ ನಿಂತವರದು.

ಅವಸರದ ಇನ್ನೊಂದು ರೂಪವನ್ನೂ ಹೇಳಿಬಿಡುತ್ತೇನೆ. ಯಾರಾದರೂ ‘ಜನನ ಪ್ರಮಾಣಪತ್ರದಲ್ಲಿ ಎರಡು ವರ್ಷ ಇಳಿಸಿದರೆ ಕೆಳಗಿನ ವಯೋಮಿತಿಯ ತಂಡಕ್ಕೆ ಸಿಗುತ್ತಾನೆ’ ಎಂದರೆ ಬಾಗಿಲು ಹಾಕಿಕೊಳ್ಳಿ. ಕಿರಿಯರ ಟೂರ್ನಿಗಳಲ್ಲಿ ಈಗ ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ. ನಿಮ್ಮ ಮಗನಂತೆ ಬೇಗ ಬೆಳೆದವರಿಗೆ ಆ ಪರೀಕ್ಷೆ ನಿಜ ವಯಸ್ಸು ಹೇಳಿದಾಗಲೂ ಅನುಮಾನದ ಕಣ್ಣು ತಪ್ಪದು. ಸುಳ್ಳು ಬೇರೆ ಸೇರಿದರೆ ಕಥೆ ಮುಗಿದಂತೆ.

ಸರಿ, ಹನ್ನೊಂದು ಗೋಲು ನನಗೆ ಏನೂ ಹೇಳಲಿಲ್ಲ ಎಂದಾದರೆ ವಿಡಿಯೊ ಮೂರು ಸಲ ಯಾಕೆ ನೋಡಿದೆ? ಇಪ್ಪತ್ತಮೂರನೆಯ ಸೆಕೆಂಡಿಗಾಗಿ.

ಅಲ್ಲಿ ಚೆಂಡು ಎಡಗಡೆ, ನೀರಿನ ಅಂಚಿನಲ್ಲಿ, ಹಳದಿ ಬನಿಯನ್ನಿನ ಹುಡುಗನ ಕಾಲಲ್ಲಿದೆ. ಎಲ್ಲರೂ ಚೆಂಡನ್ನೇ ನೋಡುತ್ತಿದ್ದಾರೆ, ಮೊಬೈಲ್ ಹಿಡಿದವನೂ ಸೇರಿ. ನಿಮ್ಮ ಮಗ ಚೌಕಟ್ಟಿನ ಮೂಲೆಯಲ್ಲಿ ಅರ್ಧ ಮಾತ್ರ ಕಾಣುತ್ತಾನೆ. ಅವನು ಗೋಲಿನ ಕಡೆ ಓಡುವ ಬದಲು ಎರಡು ಹೆಜ್ಜೆ ಹಿಂದಕ್ಕೆ, ತನ್ನನ್ನು ಕಾಯುತ್ತಿದ್ದ ಹುಡುಗನ ಬೆನ್ನ ಹಿಂದಕ್ಕೆ ಸರಿಯುತ್ತಾನೆ. ಒಮ್ಮೆ ಬಲಕ್ಕೆ ಕತ್ತು ತಿರುಗಿಸಿ ಗೋಲಿ ಎಲ್ಲಿ ನಿಂತಿದ್ದಾನೆ ಎಂದು ನೋಡುತ್ತಾನೆ. ಕಾಯುತ್ತಿದ್ದವನು ಇವನು ಎಲ್ಲಿ ಹೋದ ಎಂದು ಹುಡುಕುವಷ್ಟರಲ್ಲಿ ಚೆಂಡು ಬರುತ್ತದೆ, ಇವನು ಒಬ್ಬನೇ ಇದ್ದಾನೆ, ಒಂದೇ ಒದೆತ. ಚೆಂಡು ಬಿದಿರಿನ ಗೂಟಕ್ಕೆ ಬಡಿದು ಹೊರಗೆ ಹೋಯಿತು. ಮುಂದಿನ ಗೋಲನ್ನು ತೋರಿಸುವ ಭರದಲ್ಲಿ ಆ ಐದು ಸೆಕೆಂಡು ತಪ್ಪಿ ಉಳಿದುಕೊಂಡಿದೆ. ಹನ್ನೊಂದರಲ್ಲಿ ಅದು ಸೇರಿಲ್ಲ. ನನಗೆ ಇಷ್ಟವಾದದ್ದು ಅದೊಂದೇ.

ಯಾಕೆಂದರೆ ಸ್ಟ್ರೈಕರ್‌ನ ಕಸುಬು ಇರುವುದು ಅಲ್ಲಿ, ಚೆಂಡು ಬರುವುದಕ್ಕೆ ಮೊದಲು. 2022ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ತಂಡ ಬೋರ್ನ್‌ಮತ್ ವಿರುದ್ಧ 4-0 ಗೆದ್ದ ಪಂದ್ಯದಲ್ಲಿ ಸಿಟಿಯ ಸ್ಟ್ರೈಕರ್ ಎರ್ಲಿಂಗ್ ಹಾಲಂಡ್ 74 ನಿಮಿಷ ಆಡಿ ಚೆಂಡನ್ನು ಮುಟ್ಟಿದ್ದು ಎಂಟೇ ಬಾರಿ.  ಅದರಲ್ಲೊಂದು ಸಹ ಆಟಗಾರನ ಗೋಲಿಗೆ ದಾರಿ ಮಾಡಿಕೊಟ್ಟಿತು. ಆ ಋತು ಮುಗಿದಾಗ ಲೀಗಿನಲ್ಲಿ ಅವನ ಗೋಲು 36, ಅದು ದಾಖಲೆ. ಎಪ್ಪತ್ತನಾಲ್ಕು ನಿಮಿಷದಲ್ಲಿ ಎಂಟು ಸಲ ಚೆಂಡು ಮುಟ್ಟಿದವನು ಉಳಿದ ಸಮಯ ಏನು ಮಾಡುತ್ತಿದ್ದ? ನಿಮ್ಮ ಮಗ ಆ ಗೂಟದ ಹತ್ತಿರ ಮಾಡಿದ್ದನ್ನೇ: ಸರಿಯುವುದು, ನೋಡುವುದು, ಕಾಯುವವನ ಕಣ್ಣಿನಿಂದ ಜಾರುವುದು, ಚೆಂಡು ಬಾರದಿದ್ದರೆ ಮತ್ತೆ ಮೊದಲಿನಿಂದ. ವೃತ್ತಿಪರ ಫುಟ್‌ಬಾಲಿನಲ್ಲಿ ಹತ್ತು ಹೊಡೆತಕ್ಕೆ ಸುಮಾರು ಒಂದು ಗೋಲು. ಆ ಹೊಡೆತಕ್ಕೆ ಅವಕಾಶ ಸಿಗುವ ಮೊದಲು ವ್ಯರ್ಥವಾದ ಓಟಗಳನ್ನು ಯಾರೂ ಲೆಕ್ಕ ಇಡುವುದಿಲ್ಲ. ರಂಪಣಿ ಬಲೆ ಎಳೆದು ಬರಿಗೈಯಲ್ಲಿ ಮನೆಗೆ ಬಂದ ದಿನಗಳ ಬಗ್ಗೆ ನಿಮ್ಮ ಮಾವನವರನ್ನು ಕೇಳಿ ನೋಡಿ. ಈ ಹುಡುಗನಿಗೆ ನನಗಿಂತ ಅವರೇ ಚೆನ್ನಾಗಿ ತಿಳಿಸಿ ಹೇಳಿಯಾರು.

ಮರಳಿನ ಆಟದ ಬಗ್ಗೆ ಒಂದು ಮಾತು. ಟಾಗೋರ್ ಕಡಲತೀರದಲ್ಲಿ ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾದಾಗ ಆಡುವ ಹುಡುಗರಿಗೆ ಕಣಕಾಲು ಗಟ್ಟಿ, ಬೀಳಲು ಹೆದರಿಕೆಯಿಲ್ಲ, ಗಾಳಿಯಲ್ಲಿರುವ ಚೆಂಡನ್ನು ಒದೆಯುವುದರಲ್ಲಿ ಪಳಗಿರುತ್ತಾರೆ. ಮರಳಿನಲ್ಲಿ ಚೆಂಡು ನೆಟ್ಟಗೆ ಉರುಳದ ಕಾರಣ ಅದನ್ನು ಎತ್ತಿಯೇ ಆಡಬೇಕು. ಆದರೆ ಹುಲ್ಲಿನ ಮೈದಾನಕ್ಕೆ ಬಂದ ಕೂಡಲೇ ಅದೇ ಹುಡುಗರು ಮುಗ್ಗರಿಸುತ್ತಾರೆ: ಚೆಂಡು ವೇಗವಾಗಿ ಉರುಳಿ ಬರುತ್ತದೆ, ಕಾಲಿಗೆ ತಾಗಿ ಮೂರು ಗಜ ದೂರ ಸಿಡಿಯುತ್ತದೆ, ಅಷ್ಟರಲ್ಲಿ ಎದುರಾಳಿ ಬಂದಾಯಿತು. ಮೊದಲ ಸ್ಪರ್ಶ ಎಂದು ನಾವು ಕರೆಯುವುದು ಇದನ್ನೇ. ನಿಮ್ಮ ಮಗನಿಗೆ ಅದು ಇದೆಯೋ ಇಲ್ಲವೋ ಈ ವಿಡಿಯೊದಲ್ಲಿ ಗೊತ್ತಾಗುವಂತಿಲ್ಲ. ಗೋಡೆಗೆ ಒದ್ದು, ವಾಪಸು ಬಂದ ಚೆಂಡನ್ನು ಎರಡೂ ಕಾಲಿನಲ್ಲಿ ಸತ್ತಂತೆ ನಿಲ್ಲಿಸುವ ಅಭ್ಯಾಸ ದಿನಕ್ಕೆ ಇನ್ನೂರು ಸಲ. ಗೋಡೆ ಪಕ್ಕದ ಮನೆಯವರದಾದರೆ ಮೊದಲೇ ಕೇಳಿಕೊಳ್ಳಿ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆ: ಆ ಬದುಕು ಹೇಗಿರುತ್ತದೆ? ಟಿವಿಯಲ್ಲಿ ಕಾಣುವುದು ಕೊನೆಯ ಅಧ್ಯಾಯ. ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿಯವರನ್ನೇ ತೆಗೆದುಕೊಳ್ಳಿ. ನಿಮ್ಮ ಮಗನ ಕೋಣೆಯ ಗೋಡೆಯ ಮೇಲೂ ಅವರೇ ಇದ್ದಾರು. 2002ರಲ್ಲಿ ಮೋಹನ್ ಬಾಗನ್ ಸೇರಿದಾಗ ಹದಿನೆಂಟೂ ತುಂಬಿರಲಿಲ್ಲ. ಅಲ್ಲಿಂದ ಪಂಜಾಬಿನ ಜೆಸಿಟಿ, ಅಲ್ಲಿಂದ ಈಸ್ಟ್ ಬೆಂಗಾಲ್, ಅಲ್ಲಿಂದ ಗೋವಾದ ಡೆಂಪೊ. 2009ರಲ್ಲಿ ಇಂಗ್ಲೆಂಡಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದವೇ ಆಗಿತ್ತು. ಬ್ರಿಟನ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಕಾರಣ, ಭಾರತ ತಂಡ ಫಿಫಾ ಪಟ್ಟಿಯಲ್ಲಿ ಮೊದಲ ಎಪ್ಪತ್ತರೊಳಗೆ ಇರಲಿಲ್ಲ. ಒಬ್ಬ ಆಟಗಾರ ತನ್ನ ಕಾಲಿನಿಂದ ಮಾಡಬಹುದಾದದ್ದನ್ನೆಲ್ಲ ಮಾಡಿ, ಕೊನೆಗೆ ದೇಶದ ರ‍್ಯಾಂಕಿಂಗ್ ಮುಂದೆ ಸೋತದ್ದು ಇದು. ಮರುವರ್ಷ ಅಮೆರಿಕದ ಕ್ಯಾನ್ಸಸ್ ಸಿಟಿಗೆ ಹೋದರು, ಒಂದೂ ಲೀಗ್ ಪಂದ್ಯ ಆಡದೆ ಮರಳಿದರು. ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಾಗನ್. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಸೇರಿದರು. ಆಡಿದ್ದು ಅದರ ಎರಡನೇ ತಂಡದಲ್ಲಿ, ಅದೂ ಬೆರಳೆಣಿಕೆಯ ಪಂದ್ಯಗಳಲ್ಲಿ. ಅಲ್ಲಿಂದ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಎರವಲು. 2013ರಲ್ಲಿ ಹೊಸದಾಗಿ ಹುಟ್ಟಿದ ಬೆಂಗಳೂರಿನ ಕ್ಲಬ್ ಸೇರಿದಾಗ ಅವರಿಗೆ 29 ತುಂಬುತ್ತಿತ್ತು.

ನಿಮ್ಮ ಮನೆಗೆ ಬಂದವರು ಮಾರುತ್ತಿರುವುದು ‘ಪೋರ್ಚುಗಲ್’ ಎಂಬ ಕನಸನ್ನು. ದೇಶಕ್ಕಾಗಿ ಅಷ್ಟೊಂದು ಗೋಲು ಹೊಡೆದವರಿಗೇ ಪೋರ್ಚುಗಲ್ ಕೊಟ್ಟದ್ದು ಎರಡನೇ ತಂಡದ ಬೆಂಚು.

ಅವರ ನಿಜವಾದ ಕ್ಲಬ್ ಬದುಕು ಶುರುವಾದದ್ದು, ನಮ್ಮಲ್ಲಿ ಹೆಚ್ಚಿನವರು ಬೂಟು ಕಳಚುವ ಯೋಚನೆ ಮಾಡುವ ವಯಸ್ಸಿನಲ್ಲಿ. ಮೊದಲ ಋತುವಿನಲ್ಲೇ ರಾಷ್ಟ್ರೀಯ ಲೀಗಾದ ಐ-ಲೀಗ್ ಪ್ರಶಸ್ತಿ, 2015-16ರಲ್ಲಿ ಮತ್ತೊಮ್ಮೆ, 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್). 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ಜೆರ್ಸಿಗೆ ವಿದಾಯ ಹೇಳಿದರು, 151 ಪಂದ್ಯಗಳಲ್ಲಿ 94 ಗೋಲು. ಮರುವರ್ಷ ಮಾರ್ಚ್‌ನಲ್ಲಿ ನಲವತ್ತರ ಹರೆಯದಲ್ಲಿ ಮತ್ತೆ ಕರೆ ಬಂತು, ಹೋಗಿ ಮಾಲ್ದೀವ್ಸ್ ವಿರುದ್ಧ ಇನ್ನೊಂದು ಹೊಡೆದರು. ಆ ವರ್ಷದ ಐಎಸ್‌ಎಲ್‌ನಲ್ಲಿ ಅವರದು 14 ಗೋಲು, ಭಾರತೀಯರಲ್ಲಿ ಅದೇ ಹೆಚ್ಚು. ಇದನ್ನು ಓದಿ ಹೆಮ್ಮೆಪಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನಲವತ್ತು ವರ್ಷದವರನ್ನು ನಿವೃತ್ತಿಯಿಂದ ವಾಪಸು ಕರೆಯಬೇಕಾಯಿತು ಎಂದರೆ ಅವರ ಹಿಂದೆ ಸಾಲಿನಲ್ಲಿ ಯಾರೂ ಇರಲಿಲ್ಲ ಎಂದಾಯಿತಲ್ಲ? ಯಾಕೆ ಇರಲಿಲ್ಲ ಎಂಬುದು ನಿಮ್ಮ ಮಗನಿಗೆ ನೇರವಾಗಿ ಸಂಬಂಧಿಸಿದ ವಿಷಯ.

ಐಎಸ್‌ಎಲ್ ಶುರುವಾದ 2014ರಿಂದ 2024-25ರವರೆಗೆ ಹನ್ನೊಂದು ಆವೃತ್ತಿ ನಡೆದವು. ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಒಮ್ಮೆಯೂ ಭಾರತೀಯನಿಗೆ ಸಿಗಲಿಲ್ಲ, ಚೆಟ್ರಿಯವರಿಗೂ ಸಹ. ಕಾರಣ ಸರಳ. ಗೋಲು ತುಟ್ಟಿ ಸರಕು, ಕ್ಲಬ್ಬು ಅದನ್ನು ಹೊರಗಿನಿಂದ ತರಿಸುತ್ತದೆ. ಮೈದಾನದಲ್ಲಿ ಮೊದಲು ಆರು, ಆಮೇಲೆ ಐದು, 2021-22ರಿಂದ ನಾಲ್ಕು ವಿದೇಶಿಯರು ಆಡಬಹುದು. ತರಬೇತುದಾರನ ಕೈಗೆ ನಾಲ್ಕು ಚೀಟಿ ಕೊಟ್ಟರೆ ಅದರಲ್ಲೊಂದನ್ನು ಅವನು ಬಹುತೇಕ ಕಣ್ಣುಮುಚ್ಚಿ ಒಂಬತ್ತನೇ ನಂಬರಿಗೆ, ಅಂದರೆ ಮಧ್ಯದ ಸ್ಟ್ರೈಕರ್ ಜಾಗಕ್ಕೆ, ಹಾಕುತ್ತಾನೆ. ಐಎಸ್‌ಎಲ್ ಬರುವ ಮುಂಚೆಯೂ ಹೀಗೇ ಇತ್ತು. ಗೋವಾದ ಫಾತೋರ್ಡಾ ಮೈದಾನಕ್ಕೆ ಕಾರವಾರದಿಂದ ರೈಲು ಹತ್ತಿ ಹೋಗಿ ಡೆಂಪೊ ಪರ ರಾಂಟಿ ಮಾರ್ಟಿನ್ಸ್, ಚರ್ಚಿಲ್ ಪರ ಒಡಾಫಾ ಒಕೊಲಿ ಗೋಲು ಸುರಿಸುವುದನ್ನು ನೋಡಿದವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಬ್ಬರೂ ನೈಜೀರಿಯಾದವರು. ಬೆಂಗಳೂರಿನಲ್ಲೇ 2017-18ರಲ್ಲಿ ಮಧ್ಯದಲ್ಲಿ ಆಡಿದ್ದು ವೆನೆಜುವೆಲಾದ ಮಿಕು, ಚೆಟ್ರಿಯವರು ಎಡಬದಿಗೆ ಸರಿದರು. ಮಿಕು 15 ಹೊಡೆದರೆ ಬದಿಯಲ್ಲಿ ನಿಂತ ಚೆಟ್ರಿ 14 ಹೊಡೆದರು ಎಂಬುದು ಬೇರೆ ಮಾತು.

ಆದ್ದರಿಂದ ಇವನಿಗೆ ‘ನಾನು ಸ್ಟ್ರೈಕರ್ ಮಾತ್ರ’ ಎಂಬ ಹಟ ಬೇಡ. ಎಡಬದಿಯಲ್ಲಿ ಆಡಲಿ, ಬಲಬದಿಯಲ್ಲಿ ಆಡಲಿ, ಸ್ಟ್ರೈಕರ್ ಹಿಂದೆ ಆಡಲಿ. ಹದಿನೇಳರವರೆಗೆ ಎಲ್ಲಿ ಹಾಕಿದರೂ ಆಡುವವನಿಗೆ ಇಪ್ಪತ್ತೊಂದರಲ್ಲಿ ತಂಡದಲ್ಲಿ ಜಾಗವಿರುತ್ತದೆ.

ದುಡ್ಡಿನ ವಿಚಾರ ನಿಮಗೆ ಬೇಗ ಅರ್ಥವಾಗುತ್ತದೆ, ಪಾಲಿನ ಲೆಕ್ಕ ಗೊತ್ತಿರುವ ಮನೆ. ಮೇಲಿನ ಲೀಗಿನಲ್ಲಿ ಕೆಲವರ ವಾರ್ಷಿಕ ಒಪ್ಪಂದ ಕೋಟಿ ದಾಟುತ್ತದೆ. 2015ರ ಮೊದಲ ಹರಾಜಿನಲ್ಲಿಯೇ ಚೆಟ್ರಿಯವರನ್ನು ಮುಂಬೈ ಸಿಟಿ 1.2 ಕೋಟಿಗೆ ತೆಗೆದುಕೊಂಡಿತ್ತು. ಕೆಳಗಿನ ಲೀಗುಗಳಲ್ಲಿ ತಿಂಗಳ ಸಂಬಳ ಬಂದಾಗ ಬಂತು. ಒಪ್ಪಂದ ಎಂದರೆ ಸಾಮಾನ್ಯವಾಗಿ ಒಂದೋ ಎರಡೋ ವರ್ಷ, ಮೂಲ ಸಂಬಳದ ಮೇಲೆ ಆಡಿದ ಪಂದ್ಯಕ್ಕೆ ಇಷ್ಟು, ಗೋಲಿಗೆ ಇಷ್ಟು. ಒಂದು ದೊಡ್ಡ ಬಂಗಡೆ ಹಿಂಡು ಸಿಕ್ಕ ವರ್ಷದ ಹಾಗೆ ಒಂದು ವರ್ಷ, ಮತ್ಸ್ಯಕ್ಷಾಮದ ಹಾಗೆ ಎರಡು ವರ್ಷ. ನಿಮ್ಮ ಬೋಟಿಗೆ ಜೂನ್, ಜುಲೈ ಎರಡೇ ತಿಂಗಳು ನಿಷೇಧ, ಆಗಸ್ಟ್ ಬಂದರೆ ಹೊರಡುತ್ತದೆ ಎಂಬ ಖಾತರಿಯಾದರೂ ಇದೆ. 2025ರಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟ ಮತ್ತು ಲೀಗ್ ನಡೆಸುವವರ ನಡುವಿನ ಒಪ್ಪಂದ ನವೀಕರಣವಾಗದೆ ಐಎಸ್‌ಎಲ್ ಸಮಯಕ್ಕೆ ಶುರುವಾಗಲೇ ಇಲ್ಲ. ಕೆಲವು ಕ್ಲಬ್ಬುಗಳು ಆಟಗಾರರ ಸಂಬಳ ನಿಲ್ಲಿಸಿದವು. ಅಲ್ಲಿ ಸಿಕ್ಕಿಬಿದ್ದವರು ದೇಶದ ಅತ್ಯುತ್ತಮರು.

ಕ್ಷಾಮ ಬರಿಯ ದುಡ್ಡಿನದಲ್ಲ. 2011ರ ಜನವರಿಯಲ್ಲಿ ಚೆಲ್ಸಿ ಐದು ಕೋಟಿ ಪೌಂಡ್ ಸುರಿದು ಫರ್ನಾಂಡೊ ಟೊರೆಸ್‌ನನ್ನು ಕೊಂಡಿತು. ವಿಶ್ವಕಪ್ ಗೆದ್ದ ಸ್ಟ್ರೈಕರ್. ಮೊದಲ ಗೋಲು ಬಂದದ್ದು ಏಪ್ರಿಲ್ ಕೊನೆಗೆ. ಆ ಋತುವಿನಲ್ಲಿ ಚೆಲ್ಸಿಗೆ ಅವನು ಲೀಗಿನಲ್ಲಿ ಹೊಡೆದದ್ದು ಅದೊಂದೇ. ಕಾಲು ಅದೇ, ಚೆಂಡು ಅದೇ, 7.32 ಮೀಟರ್ ಅಗಲದ ಗೋಲೂ ಅದೇ. ಡಿಫೆಂಡರ್ ಇಡೀ ಪಂದ್ಯ ಸುಮಾರಾಗಿ ಆಡಿದರೂ ಯಾರೂ ಕೇಳುವುದಿಲ್ಲ. ಸ್ಟ್ರೈಕರ್ ಐದು ಪಂದ್ಯ ಗೋಲು ಹೊಡೆಯದಿದ್ದರೆ ಚಹಾ ಅಂಗಡಿಯವರೂ ಸಲಹೆ ಕೊಡುತ್ತಾರೆ. ಗೋಲು ಬಾರದ ವಾರಗಳಲ್ಲಿ ನಿಮ್ಮ ಮಗ ಮನೆಯಲ್ಲಿ ಹೇಗಿರುತ್ತಾನೆ ಎಂದು ಗಮನಿಸಿ. ಬೂಟು ಎಸೆಯುತ್ತಾನೋ, ಗೆಳೆಯರನ್ನು ಬೈಯುತ್ತಾನೋ, ಇಲ್ಲ ಮರುದಿನ ಮತ್ತೆ ಗೋಡೆಯ ಮುಂದೆ ನಿಲ್ಲುತ್ತಾನೋ? ಇದನ್ನು ಅಳೆಯಲು ತರಬೇತುದಾರನಿಗಿಂತ ತಾಯಿಯೇ ಸರಿ.

ಇನ್ನು ಮಂಡಿ. 1994ರ ಮಳೆಗಾಲದಲ್ಲಿ ನನಗೆ ಇಪ್ಪತ್ತಾರು. ಬೆಂಗಳೂರಿನ ಕಾರ್ಖಾನೆಯೊಂದರ ತಂಡಕ್ಕೆ ಆಡುತ್ತಿದ್ದೆ. ಆ ಕಾಲದಲ್ಲಿ ಅಲ್ಲಿನ ಫುಟ್‌ಬಾಲ್ ಎಂದರೆ ಕಾರ್ಖಾನೆ, ಸೇನೆ, ಸರ್ಕಾರಿ ಇಲಾಖೆಗಳ ತಂಡಗಳೇ. ಕೆಸರಿನಲ್ಲಿ ಕಾಲು ಹೂತಿತ್ತು, ಮೈ ಮಾತ್ರ ತಿರುಗಿತು. ಹಸಿ ತೆಂಗಿನ ಮಡಲು ಮುರಿದಂಥ ಸದ್ದು ನನಗೇ ಕೇಳಿಸಿತು. ತಂಡದ ವ್ಯವಸ್ಥಾಪಕರು ಒಂದು ಬ್ಯಾಂಡೇಜು ಸುತ್ತಿ, ‘ಶನಿವಾರದ ಹೊತ್ತಿಗೆ ಸರಿಯಾಗುತ್ತದೆ’ ಎಂದರು. ಶನಿವಾರ ಆಡಿದೆ ಕೂಡ, ಹದಿನೇಳು ನಿಮಿಷ. ಅದು ಹರಿದ ಲಿಗಮೆಂಟು ಎಂದು ಗೊತ್ತಾಗಲು ನಾಲ್ಕು ತಿಂಗಳು ಬೇಕಾಯಿತು. ಇಂದು ಅದಕ್ಕೆ ಶಸ್ತ್ರಚಿಕಿತ್ಸೆ ಇದೆ, ಎಂಟೊಂಬತ್ತು ತಿಂಗಳ ಬಳಿಕ ಆಟಗಾರ ಮರಳುತ್ತಾನೆ. ಆದರೂ ಜಗತ್ತಿನ ಅತ್ಯುತ್ತಮ ಚಿಕಿತ್ಸೆ ಸಿಕ್ಕ ಮಾರ್ಕೊ ವ್ಯಾನ್ ಬಾಸ್ಟನ್, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಅನ್ನು ಮೂರು ಸಲ ಗೆದ್ದವನು, ಕಣಕಾಲಿನ ಗಾಯದಿಂದ ತನ್ನ ಕೊನೆಯ ಪಂದ್ಯ ಆಡಿದ್ದು 28ರಲ್ಲಿ.

ನನ್ನನ್ನು ಉಳಿಸಿದ್ದು ಗೋಲುಗಳಲ್ಲ, ಅದೇ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಬೋಲ್ಟು-ನಟ್ಟು ಎಣಿಸುವ ಕಾಯಂ ಕೆಲಸ. ಅದು ಸಿಕ್ಕಿದ್ದು ಆಟದಿಂದ ಹೌದು, ಜೊತೆಗೆ ಪಿಯುಸಿ ಪಾಸಾಗಿದ್ದರಿಂದ ಕೂಡ. ನನ್ನ ಜೊತೆಗೆ ಆಡಿದ, ನನಗಿಂತ ಚೆನ್ನಾಗಿ ಆಡುತ್ತಿದ್ದ ಒಬ್ಬ ಹತ್ತನೇ ತರಗತಿ ಮುಗಿಸಿರಲಿಲ್ಲ. ಅವನ ವಿಷಯ ಇಲ್ಲಿ ಬೇಡ.

ಆದ್ದರಿಂದ ಎಸ್ಸೆಸ್ಸೆಲ್ಸಿ ಬರೆಯಲಿ. ಇದರಲ್ಲಿ ಚೌಕಾಸಿ ಇಲ್ಲ. ರೈಲ್ವೆ, ಸೇನೆ, ಆದಾಯ ತೆರಿಗೆ ಇಲಾಖೆಗಳ ಕ್ರೀಡಾ ಕೋಟಾದಲ್ಲೂ ಅರ್ಜಿಯ ಮೊದಲ ಸಾಲು ವಿದ್ಯಾರ್ಹತೆಯೇ. ಪರೀಕ್ಷೆ ಮುಗಿದ ಮೇಲೆ, ರಜೆಯಲ್ಲಿ, ಟ್ರಯಲ್ಸ್‌ಗಳಿಗೆ ಕರೆದೊಯ್ಯಿರಿ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಬಳ್ಳಾರಿ ಕಡೆಯ ವಿಜಯನಗರದಲ್ಲಿದೆ. ಡೆಂಪೊದವರದು ಹಳೆ ಗೋವಾದ ಎಲ್ಲಾ ಎಂಬಲ್ಲಿ. ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ 1987ರಿಂದ ಹುಡುಗರನ್ನು ಬೆಳೆಸುತ್ತಿದೆ. ಇಂಥಲ್ಲಿ ಬಾಗಿಲಲ್ಲೇ ಲಕ್ಷ ಕೇಳುವುದಿಲ್ಲ. ಕೇಳಿದರೆ ತಪ್ಪು ಬಾಗಿಲಿಗೆ ಬಂದಿದ್ದೀರಿ. ಯಾವುದೇ ಅಕಾಡೆಮಿಯಾದರೂ ಎರಡು ಪ್ರಶ್ನೆ ಸಾಕು: ರಾಷ್ಟ್ರೀಯ ಒಕ್ಕೂಟದ ಮಾನ್ಯತೆ ಇದೆಯೇ, ಹುಡುಗರು ಒಕ್ಕೂಟದ ಯೂತ್ ಲೀಗ್ ಆಡುತ್ತಾರೆಯೇ? ವಾರಪೂರ್ತಿ ಬರೀ ಅಭ್ಯಾಸ ಮಾಡಿಸಿ ಪಂದ್ಯವನ್ನೇ ಆಡಿಸದ ಅಕಾಡೆಮಿ ಎಂದರೆ ಈಜು ಕಲಿಸಲು ನೀರಿಲ್ಲದ ಕೊಳ.

ಕಾಗದಕ್ಕೆ ಸಹಿ ಹಾಕುವ ದಿನ ಬಂದರೆ ಇಷ್ಟು ನೆನಪಿರಲಿ: ಹದಿನೆಂಟರ ಕೆಳಗಿನವನ ಜೊತೆ ಮೂರು ವರ್ಷಕ್ಕಿಂತ ಹೆಚ್ಚಿನ ಒಪ್ಪಂದ ಫಿಫಾ ನಿಯಮದಲ್ಲಿ ನಿಲ್ಲುವುದಿಲ್ಲ. ಗಾಯವಾದರೆ ಚಿಕಿತ್ಸೆ ಯಾರ ಖರ್ಚಿನಲ್ಲಿ ಎಂಬ ಸಾಲು ಇದೆಯೋ ನೋಡಿ. ಇಂಗ್ಲಿಷ್ ಓದಲು ಬರುವ ಒಬ್ಬ ವಕೀಲರಿಗೆ ತೋರಿಸಿ. ಅವರು ಕೇಳುವ ಫೀಸು ಮೂರು ಲಕ್ಷವಂತೂ ಆಗುವುದಿಲ್ಲ.

ಎಲ್ಲಿಯೂ ಆಯ್ಕೆಯಾಗದಿದ್ದರೆ? ಪಿಯುಸಿಗೆ ಇಲ್ಲೇ ಸೇರಿಸಿ, ಮಾಲಾದೇವಿ ಮೈದಾನದಲ್ಲಿ ತನಗಿಂತ ದೊಡ್ಡವರ ಜೊತೆ ಆಡಲಿ. ಅವನಿಗೆ ಈಗ ಬೇಕಾಗಿರುವುದು ತನಗಿಂತ ಗಟ್ಟಿಯಾದ, ಮೈಗೆ ಮೈ ತಾಗಿಸುವ, ಓಟದಲ್ಲಿ ಹಿಂದೆ ಬೀಳದ ಡಿಫೆಂಡರುಗಳು. ಮೊದಲ ಆರು ತಿಂಗಳು ಒಂದೂ ಗೋಲು ಬೀಳದೇ ಇರಬಹುದು. ಆಗ ಅವನಿಗೆ ತಾನಾಗಿಯೇ ಆ ಇಪ್ಪತ್ತಮೂರನೆಯ ಸೆಕೆಂಡು ನೆನಪಾಗಬೇಕು: ಓಡಿ ಗೆಲ್ಲಲಾಗದವನ ಬೆನ್ನ ಹಿಂದೆ ಸರಿಯುವುದು.

‘ಇವನಲ್ಲಿ ಅದು ಇದೆಯೇ’ ಎಂದು ಕೇಳಿದ್ದೀರಿ. ಐದು ಸೆಕೆಂಡಿನಷ್ಟು ಇದೆ. ಹೆಚ್ಚು ಹೇಳಬೇಕಾದರೆ ನನಗೆ ಇನ್ನೊಂದು ವಿಡಿಯೊ ಬೇಕು. ಗೋಲುಗಳು ಬೇಡ. ಒಂದು ಪೂರ್ತಿ ಪಂದ್ಯ, ಸಾಧ್ಯವಾದರೆ ಹುಲ್ಲಿನ ಮೇಲೆ. ಚೆಂಡು ಎಲ್ಲಿಯೇ ಇರಲಿ, ಮೊಬೈಲ್ ಇವನ ಮೇಲೆಯೇ ಇರಬೇಕು. ಹಿಡಿಯಲು ಅವನ ಗೆಳೆಯರಿಗೆ ಕೊಡಬೇಡಿ, ಗೋಲು ಬಿದ್ದ ಕೂಡಲೇ ಅವರು ಮೊಬೈಲ್ ಸಮೇತ ಕುಣಿಯುತ್ತಾರೆ. ನೀವೇ ಹಿಡಿಯಿರಿ.